ಆವರಣದೊಳಗಿನ ತ್ರಿವೇಣಿ

ಪುಟ್ಟಣ್ಣ ಕಣಗಾಲರ ಮೊದಲ ಚಿತ್ರ ಯಾವುದು? ‘ಬೆಳ್ಳಿಮೋಡ’ ಎಂದು ನಮ್ಮಲ್ಲಿ ಹೆಚ್ಚಿನವರು ಥಟ್ಟನೆ ಹೇಳುತ್ತಾರೆ. 1967ರ ಆ ಚಿತ್ರದಿಂದಲೇ ಕನ್ನಡ ಅವರನ್ನು ಗುರುತಿಸಿದ್ದು ನಿಜ. ಆದರೆ ಅದಕ್ಕೂ ಮೊದಲು ಅವರು ಮಲಯಾಳದಲ್ಲಿ ‘ಸ್ಕೂಲ್ ಮಾಸ್ಟರ್’ (1964), ‘ಪೂಚ್ಚಕಣ್ಣಿ’ (1966) ಎಂಬ ಚಿತ್ರಗಳನ್ನು ನಿರ್ದೇಶಿಸಿದ್ದರು. ಮೊದಲನೆಯದು ಅವರ ಗುರು ಬಿ.ಆರ್. ಪಂತುಲು 1958ರಲ್ಲಿ ಕನ್ನಡದಲ್ಲಿ ಮಾಡಿದ್ದ ಚಿತ್ರದ ಮಲಯಾಳ ರೂಪ. ಎರಡನೆಯದಕ್ಕೆ ಮೂಲ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’. ಅಂದರೆ ಕನ್ನಡದ ಈ ಲೇಖಕಿಯನ್ನು ಪುಟ್ಟಣ್ಣ ಮೊದಲು ತೆರೆಗೆ ತಂದದ್ದು ಮಲಯಾಳದಲ್ಲಿ. ‘ಬೆಳ್ಳಿಮೋಡ’ದಿಂದಲೇ ಲೆಕ್ಕ ಶುರು ಮಾಡಿದರೆ ಈ ಸಂಗತಿ ಕಾಣೆಯಾಗುತ್ತದೆ.

ಅಂತರ್ಜಾಲದ ವಿಶ್ವಕೋಶಕ್ಕೆಂದು ಪುಟ್ಟಣ್ಣನವರ ಬಗ್ಗೆ ಒಂದು ಬರಹವನ್ನು ನಾನೂ ನಮ್ಮೂರ ಗೆಳೆಯನೊಬ್ಬನೂ ಕೆಲವು ತಿಂಗಳಿಂದ ತಿದ್ದುತ್ತಿದ್ದೇವೆ. ನನ್ನ ಪಿಎಚ್.ಡಿ. ವಿಷಯ ಕಾದಂಬರಿಯಿಂದ ಸಿನಿಮಾ ಆದ ಕೃತಿಗಳು; ಅವನಿಗೆ ಸಿನಿಮಾ ಎಂದರೆ ಪ್ರಾಣ. ಆದ್ದರಿಂದ ಕೆಲಸ ಸಲೀಸಾಗಿ ಮುಗಿಯಬೇಕಿತ್ತು. ಮುಗಿದಿಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸುವುದೇ ಆಗಿದೆ. ಜಗಳ ಸಣ್ಣ ವಾಕ್ಯಗಳದ್ದೇ ಆದರೂ ನಮ್ಮ ಸಿನಿಮಾ ವಿಮರ್ಶೆಯ ಒಂದು ಹಳೆಯ ಅಭ್ಯಾಸ ಅದರಲ್ಲಿ ಕಾಣುತ್ತದೆ.

ಮೊದಲ ಜಗಳ ಹಾವಿನದು. ‘ನಾಗರಹಾವು’ (1972) ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಮಾಡಿದ ಚಿತ್ರ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’. ಚಿತ್ರ ನೋಡಿದ ತ.ರಾ.ಸು. ತಮ್ಮ ನಾಗರಹಾವನ್ನು ನಿರ್ದೇಶಕರು ಕೇರೆಹಾವು ಮಾಡಿಬಿಟ್ಟರು ಎಂದು ಬೇಸರಪಟ್ಟರಂತೆ. ಈ ‘ಅಂತೆ’ ಇಲ್ಲದೆ ಆ ಚಿತ್ರದ ಬಗ್ಗೆ ಯಾರೂ ಮಾತು ಮುಗಿಸುವುದಿಲ್ಲ. ಗೆಳೆಯ ಇದನ್ನು ನೇರ ಉದ್ಧರಣೆಯಾಗಿ ಬರೆದಿದ್ದ. ಎಲ್ಲಿ ಹೇಳಿದರು, ಯಾವಾಗ, ಯಾರೆದುರು ಎಂದು ಕೇಳಿದೆ. “ಎಲ್ಲಾರಿಗೂ ಗೊತ್ತಿರೋದಕ್ಕ ಆಧಾರ ಯಾಕಬೇಕೋ?” ಅಂದ.

ವಿಕಿಪೀಡಿಯದ ನಿಯಮ ಇಲ್ಲಿ ಕಟುವಾಗಿದೆ. ಅದು ಕೇಳುವುದು ಸಂಗತಿ ಅಚ್ಚಾದದ್ದು ಎಲ್ಲಿ ಎಂದು. ನಿಜವೇ ಎಂಬ ಪ್ರಶ್ನೆ ಆಮೇಲಿನದು. 2012ರಲ್ಲಿ ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್‌ಗೂ ಈ ಬಿಸಿ ತಟ್ಟಿತ್ತು. ತನ್ನ ‘ದಿ ಹ್ಯೂಮನ್ ಸ್ಟೇನ್’ ಕಾದಂಬರಿಯ ಪಾತ್ರಕ್ಕೆ ಪ್ರೇರಣೆ ಯಾರು ಎಂಬಲ್ಲಿ ತಪ್ಪಿದೆ, ತಿದ್ದಿ ಎಂದು ಆತ ಕೇಳಿದರೆ, ಬರೆದವರ ಮಾತೊಂದೇ ಸಾಲದು, ಬೇರೆ ಆಧಾರ ಬೇಕು ಎಂಬ ಉತ್ತರ ಬಂತು. ರಾತ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಒಂದು ಬಹಿರಂಗ ಪತ್ರ ಬರೆದ. ಆಮೇಲೆ ಆ ಪತ್ರವೇ ಆಧಾರವಾಯಿತು. ಕೇಳಿದವರಿಗೆ ನಗು ಬರುತ್ತದೆ. ಆದರೂ ಈ ನಿಯಮದಲ್ಲಿ ನನಗೆ ಹುರುಳು ಕಾಣುತ್ತದೆ, ಮುಖ್ಯವಾಗಿ ನಮ್ಮಂಥವರಿಗೆ. ಚಿತ್ರರಂಗದ ನಮ್ಮ ಚರಿತ್ರೆಯ ಬಹುಪಾಲು ಇಂಥ ‘ಅಂತೆ’ಗಳ ಮೇಲೆಯೇ ನಿಂತಿದೆ. ಮುಂದೆ ಪುಟ್ಟಣ್ಣನವರ ‘ಮಸಣದ ಹೂವು’ ಕೂಡ ತ.ರಾ.ಸು. ಕಾದಂಬರಿಯಿಂದಲೇ ಹುಟ್ಟಿತು ಎಂಬುದನ್ನು ಕೇರೆಹಾವಿನ ಕಥೆ ಹೇಳುವವರು ಯಾಕೆ ಜೊತೆಗೆ ಹೇಳುವುದಿಲ್ಲ? ಒಳ್ಳೆಯ ಚಾಟೂಕ್ತಿಗೆ ಇನ್ನೊಂದು ಸಂಗತಿ ಸೇರಿದರೆ ಅದರ ಮೊನಚು ಹೋಗುತ್ತದೆ. ಅದಕ್ಕೇ ಇರಬೇಕು.

ನನ್ನ ನಿಜವಾದ ತಕರಾರು ಇದಲ್ಲ. ತ.ರಾ.ಸು. ಮುನಿಸಿಗೆ ನಮ್ಮ ಕರಡಿನಲ್ಲಿ ಇಡೀ ಒಂದು ಪ್ಯಾರಾ ಇತ್ತು. ತ್ರಿವೇಣಿಗೆ ಇದ್ದದ್ದು ಚಿತ್ರಪಟ್ಟಿಯ ಆವರಣ ಚಿಹ್ನೆಯೊಳಗಿನ ಜಾಗ. ‘ಪೂಚ್ಚಕಣ್ಣಿ’, ‘ಬೆಳ್ಳಿಮೋಡ’, ‘ಶರಪಂಜರ’ (1971) ಮೂರೂ ಅವರ ಕಾದಂಬರಿಗಳಿಂದ ಬಂದವು. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು. ಪುಟ್ಟಣ್ಣನವರನ್ನು ‘ಹೆಣ್ಣಿನ ಅಂತರಂಗ ಬಲ್ಲ ನಿರ್ದೇಶಕ’ ಎಂದು ಹೊಗಳುತ್ತೇವೆ. ಆ ಅಂತರಂಗವನ್ನು ಮೊದಲು ಕಾಗದದ ಮೇಲೆ ಇಳಿಸಿದವರು ಇಬ್ಬರು ಹೆಂಗಸರು ಎಂಬುದನ್ನು ಅದೇ ಉಸಿರಿನಲ್ಲಿ ಹೇಳುವುದಿಲ್ಲ.

ಇದರಿಂದ ಪುಟ್ಟಣ್ಣ ಕಿರಿದಾಗುವುದಿಲ್ಲ. ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಅಲ್ಲಿಂದ ಮುಂದೆ ಮನೆಯವರ, ನೆರೆಯವರ ನೋಟ ಒಂದೊಂದೂ ಅವಳನ್ನು ಮತ್ತೆ ರೋಗಿಯಾಗಿ ಮಾಡುತ್ತ ಹೋಗುತ್ತದೆ. ಆ ನೋಟಗಳನ್ನು ಎದುರಾಎದುರು ಇಟ್ಟು ತೋರಿಸುವುದು ಸಿನಿಮಾದ ಕೆಲಸ. ಕಲ್ಪನಾ ಅವರ ಕಣ್ಣಿಗೂ ಕೈಬೆರಳಿಗೂ ಆ ಭಾರ ಹೊರಿಸಿದ್ದು ಪುಟ್ಟಣ್ಣನವರ ಧೈರ್ಯ. ಕೆಲವೆಡೆ ಅದು ಅತಿಯಾಯಿತು ಎಂದೂ ನನಗನ್ನಿಸುತ್ತದೆ. ಆದರೆ ಗುಣವಾದವಳನ್ನು ಲೋಕ ಗುಣವಾಗಲು ಬಿಡುವುದಿಲ್ಲ ಎಂಬ ಆ ನೋಟ, ಆ ಕಥೆಯ ಬೆನ್ನೆಲುಬು, ತ್ರಿವೇಣಿಯದು.

ನಮ್ಮ ಊರು ಗಳಗನಾಥ. ವರದೆ ತುಂಗಭದ್ರೆಯನ್ನು ಸೇರುವಲ್ಲಿ ಚಾಲುಕ್ಯರ ಕಾಲದ ದೇವಸ್ಥಾನವಿದೆ. ಆ ದೇವರ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡವರು ಇಲ್ಲಿಗೆ ಹತ್ತಿರದ ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿ (1869–1942). ಹೊತ್ತು ತಿರುಗಿ ಪುಸ್ತಕ ಮಾರಿ ಉತ್ತರ ಕರ್ನಾಟಕಕ್ಕೆ ಕಾದಂಬರಿಯ ಹುಚ್ಚು ಹಿಡಿಸಿದವರು. ಅವರ ಬಗ್ಗೆ ಬರೆಯುವವರೆಲ್ಲ ಮೊದಲು ಎತ್ತುವ ಪ್ರಶ್ನೆ: ಸ್ವಂತದ್ದೆಷ್ಟು, ಹರಿ ನಾರಾಯಣ ಆಪ್ಟೆಯವರ ಮರಾಠಿಯಿಂದ ತಂದದ್ದೆಷ್ಟು? ‘ಮಾಧವ ಕರುಣಾ ವಿಲಾಸ’ವನ್ನು ಒಂದು ಕಡೆ, ಆಪ್ಟೆಯವರಿಂದ ಬಂದವನ್ನು ಇನ್ನೊಂದು ಕಡೆ ಇಟ್ಟು ತೂಗುತ್ತೇವೆ. ತಪ್ಪಲ್ಲ, ತೂಗಲೇಬೇಕು. ಆದರೆ ಅದೇ ತಕ್ಕಡಿ ಸಿನಿಮಾ ನಿರ್ದೇಶಕರ ಹತ್ತಿರ ಬಂದಾಗ ಎಲ್ಲಿಗೆ ಹೋಗುತ್ತದೆ? ಇನ್ನೊಂದು ಭಾಷೆಯಿಂದ ತಂದವನು ಅನುವಾದಕ. ಇನ್ನೊಂದು ಮಾಧ್ಯಮದಿಂದ ತಂದವನು ಮಾತ್ರ ಸೃಷ್ಟಿಕರ್ತ. ಈ ಮಾತು ಹೇಳಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಸಿನಿಮಾ ಅಂದ್ರ ಬರೀ ಕಥಿ ಅಲ್ಲಲ್ಲೋ” ಅಂದ. ಅದೂ ಸರಿಯೇ.

ಪಟ್ಟಿಗಳ ಸ್ವಭಾವವೇ ಹಾಗೆ. ‘ನಿರ್ದೇಶನ’ ಎಂಬ ಕಂಬಸಾಲಿನಲ್ಲಿ ಒಂದು ಹೆಸರು ಹಿಡಿಸುತ್ತದೆ. ‘ಮಸಣದ ಹೂವು’ ಮುಗಿಯುವ ಮುಂಚೆ, 1985ರ ಜೂನ್ 5ರಂದು, ಪುಟ್ಟಣ್ಣ ತೀರಿಕೊಂಡರು. ಅದನ್ನು ಪೂರ್ತಿ ಮಾಡಿದವರು ಕೆ.ಎಸ್.ಎಲ್. ಸ್ವಾಮಿ. ಬಹಳ ಹಿಂದೆ ಅರ್ಧಕ್ಕೆ ನಿಂತಿದ್ದ ‘ಸಾವಿರ ಮೆಟ್ಟಿಲು’ ಚಿತ್ರವನ್ನೂ ಅವರೇ ಮುಗಿಸಿ, ಅದು 2006ರಲ್ಲಿ ತೆರೆಕಂಡಿತು. ಇವೆರಡರ ಎದುರು ಎರಡು ಹೆಸರು ಇರಬೇಕು ಎಂಬಲ್ಲಿ ಮಾತ್ರ ನಾವಿಬ್ಬರೂ ಜಗಳವಿಲ್ಲದೆ ಒಪ್ಪಿದೆವು.

ಉಳಿದದ್ದು ನಾನು ಸೇರಿಸಿದ ಒಂದು ವಾಕ್ಯ. ತಮ್ಮ ಕಾದಂಬರಿಗಳಿಂದ ಪುಟ್ಟಣ್ಣ ಮಾಡಿದ ಮೂರು ಚಿತ್ರಗಳಲ್ಲಿ ಒಂದನ್ನೂ ನೋಡಲು ತ್ರಿವೇಣಿ ಇರಲಿಲ್ಲ ಎಂದು ಬರೆದಿದ್ದೆ. ಅವರು ತೀರಿಕೊಂಡದ್ದು 1963ರಲ್ಲಿ, ಮೂವತ್ತನಾಲ್ಕರ ಪ್ರಾಯದಲ್ಲಿ. ಗೆಳೆಯ ಅದನ್ನು ಅಳಿಸಿದ. ಎರಡು ಕಡೆಯ ಸಂಗತಿ ಜೋಡಿಸಿ ಹೊಸ ಮಾತು ಹುಟ್ಟಿಸಿದರೆ ಅದು ‘ಸ್ವಂತ ಸಂಶೋಧನೆ’, ನಿಯಮಕ್ಕೆ ವಿರುದ್ಧ ಎಂಬುದು ಅವನ ವಾದ. ಆಧಾರ ಯಾಕಬೇಕು ಎಂದು ಕೇಳಿದವನ ಬಾಯಲ್ಲೇ ಈಗ ನಿಯಮ! ಇದು ಸಂಶೋಧನೆ ಅಲ್ಲ, ಬರೀ ಲೆಕ್ಕ ಎಂದು ನನ್ನ ವಾದ. ತ.ರಾ.ಸು. ಮುನಿದಿದ್ದರೋ ಇಲ್ಲವೋ, ಮುನಿಯಲು ಅವರಿಗೆ ಅವಕಾಶವಾದರೂ ಇತ್ತು. ಆ ಹೋಲಿಕೆ ಓದುವವರಿಗೆ ತಿಳಿಯಬೇಕು. ವಾಕ್ಯ ಬೇಡ, ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 1928–1963 ಎಂದು ಹಾಕೋಣ, ಕಳೆಯುವವರು ಕಳೆದುಕೊಳ್ಳಲಿ ಎಂಬಲ್ಲಿಗೆ ಅವನು ಇಳಿದಿದ್ದಾನೆ. ನಾನಿನ್ನೂ ಒಪ್ಪಿಲ್ಲ.