ಸಾಹೇಬನ ಖಾಲಿ ಹಂಪಿ

ಯುಪಿಐ ಕಾಲದಲ್ಲಿ ಕೇಳೋದು ಸ್ವಲ್ಪ ಹೆಚ್ಚಾಯ್ತೇನೋ. ಆದ್ರೂ ಪರ್ಸಿನಲ್ಲಿ 50 ರೂಪಾಯಿಯ ಹೊಸ ನೋಟಿದ್ದರೆ ತೆಗೆದು ಹಿಂಬದಿ ನೋಡಿ. ಹಂಪಿಯ ಕಲ್ಲಿನ ರಥ ಇದೆ. 2017ರಲ್ಲಿ ಬಂದ ಈ ನೋಟಿನ ಮೇಲಿರೋದು ನಾವೆಲ್ಲ ಸೆಲ್ಫಿ ತೆಗೆದುಕೊಂಡಿರೋ ಅದೇ ಬೋಳು ನೆತ್ತಿಯ ರಥ. 1856ರ ಒಂದು ಫೋಟೋದಲ್ಲಿ ಮಾತ್ರ ಇದೇ ರಥದ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ. ಆಮೇಲೆ ಅದನ್ನು ಇಳಿಸಿಬಿಟ್ಟರು. ಆ ಫೋಟೋ ಉಳಿಯದೇ ಇದ್ದಿದ್ದರೆ ಅಲ್ಲೊಂದು ಗೋಪುರ ಇತ್ತು ಅಂದರೆ ನೀವೂ ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ.

ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿ. ಸಂಬಳ ಬರುತ್ತಿದ್ದದ್ದು ಸಿಪಾಯಿಗಳನ್ನು ನೋಡಿಕೊಳ್ಳೋದಕ್ಕೆ, ಹುಚ್ಚು ಇದ್ದದ್ದು ಕ್ಯಾಮೆರಾದ್ದು. ಐಟಿ ಕಂಪನಿಯಲ್ಲಿ ದುಡಿದು ವೀಕೆಂಡ್ ಬಂದರೆ ಟ್ರೈಪಾಡ್ ಹೆಗಲಿಗೇರಿಸುವ ನಮ್ಮವರಿಗೆ ಈ ಆಸಾಮಿ ದೂರದ ನೆಂಟ.

ಅವನ ಹಾಗೇ ಮದ್ರಾಸ್ ಸೈನ್ಯದಲ್ಲಿದ್ದ ಇನ್ನೊಬ್ಬ ಲಿನೇಯಸ್ ಟ್ರೈಪ್. ಅವನೂ ಹವ್ಯಾಸಿಯಾಗೇ ಶುರು ಮಾಡಿದವನು. 1854ರ ಡಿಸೆಂಬರ್‌ನಲ್ಲಿ ಹಳೇಬೀಡು, ಬೇಲೂರು ಸುತ್ತಿ ಫೋಟೋ ತೆಗೆದ. ಅದು ಮೆಚ್ಚುಗೆಯಾಗಿ ಮುಂದೆ ಮದ್ರಾಸ್ ಸರ್ಕಾರದ ಅಧಿಕೃತ ಫೋಟೋಗ್ರಾಫರ್ ಆದ. ಹವ್ಯಾಸವೇ ನೌಕರಿಯಾಯಿತು, ಎಲ್ಲರ ಕನಸು. ಮದ್ರಾಸಿಗೆ ಹೊಸ ಗವರ್ನರ್ ಟ್ರೆವೆಲ್ಯನ್ ಬಂದವನೇ ಇದೆಲ್ಲ ದುಬಾರಿ ಶೋಕಿ ಅಂತ ಕೆಲಸವನ್ನೇ ನಿಲ್ಲಿಸಿಬಿಟ್ಟ. ಹೊಸ ಮ್ಯಾನೇಜರ್ ಬಂದ ಮೇಲೆ ಪ್ರಾಜೆಕ್ಟ್ ಮುಚ್ಚೋದು ನಮ್ಮ ಕಾಲದ ಕಥೆ ಅಂದುಕೊಂಡಿದ್ದರೆ, ಅದು 1859ರಲ್ಲೇ ಆಗಿದೆ.

ಗ್ರೀನ್‌ಲಾಗೆ ಆ ಹುದ್ದೆ ಇರಲಿಲ್ಲ. ಹಾಗಾಗಿ ಯಾರೂ ಅವನ ಕೆಲಸ ನಿಲ್ಲಿಸಬೇಕಾಗಿಯೂ ಬರಲಿಲ್ಲ. ಅವನು ಬಳಸಿದ್ದು ಕ್ಯಾಲೋಟೈಪ್, ಅಂದರೆ ಕಾಗದದ ನೆಗೆಟಿವ್. ಕಾಗದಕ್ಕೆ ಬೆಳ್ಳಿಯ ರಾಸಾಯನಿಕ ಹಚ್ಚಿ ಬೆಳಕಿಗೊಡ್ಡಬೇಕು, ಆಮೇಲೆ ಪ್ರಿಂಟ್ ಚೆನ್ನಾಗಿ ಬರಲಿ ಅಂತ ಮೇಣ ಹಿಡಿಸಬೇಕು. ಆಗ ಹೊಸದಾಗಿ ಬಂದಿದ್ದ ಗಾಜಿನ ವಿಧಾನ ನಮ್ಮ ಬಿಸಿಲಿಗೆ ಸರಿಹೋಗುತ್ತಿರಲಿಲ್ಲ, ಮದ್ದು ಒಣಗೋದರೊಳಗೆ ಎಲ್ಲ ಮುಗಿಸಬೇಕಿತ್ತು. ಕಾಗದವಾದರೆ ಮೊದಲೇ ಸಿದ್ಧ ಮಾಡಿಕೊಂಡು ಹೊರಡಬಹುದು. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟ್ ಅಷ್ಟೇ ದೊಡ್ಡದು, ಹಿಗ್ಗಿಸುವ ಅನುಕೂಲ ಇಲ್ಲ. ಗ್ರೀನ್‌ಲಾನ ನೆಗೆಟಿವ್‌ಗಳು ಒಂದೂವರೆ ಅಡಿ ಆಸುಪಾಸಿನವು. ಕ್ಯಾಮೆರಾ ಎಂಥ ಪೆಟ್ಟಿಗೆ ಆಗಿರಬೇಕು ಲೆಕ್ಕ ಹಾಕಿ. ಅಂಥ ಸುಮಾರು 60 ಹಂಪಿಯ ನೆಗೆಟಿವ್‌ಗಳು ಉಳಿದು ಈಗ ಅಲ್ಕಾಜಿ ಸಂಗ್ರಹದಲ್ಲಿವೆ. 2008ರಲ್ಲಿ ಜಾರ್ಜ್ ಮಿಚೆಲ್ ಸಂಪಾದಿಸಿದ ದೊಡ್ಡ ಪುಸ್ತಕವಾಗಿಯೂ ಬಂದಿವೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಕ್ಲಿಕ್ಕಿಸಿದ.

ಚಿತ್ರಗಳು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕಾಗದದ ನಾರಿನಿಂದಾಗಿ ಕಲ್ಲು ಕೂಡ ಸ್ವಲ್ಪ ಮೆತ್ತಗೆ ಕಾಣುತ್ತೆ. ನನ್ನ ತಕರಾರು ಬೇರೆ. ಒಂದಾದ ಮೇಲೊಂದು ನೋಡುತ್ತಾ ಹೋದರೆ ಹೊಟ್ಟೆಯಲ್ಲಿ ಏನೋ ಸಂಕಟ ಶುರುವಾಗುತ್ತೆ. ಬಹುತೇಕ ಚಿತ್ರಗಳಲ್ಲಿ ಜನ ಇಲ್ಲ. ವಿರೂಪಾಕ್ಷನಿಗೆ ಆಗಲೂ ಪೂಜೆ ನಡೆಯುತ್ತಿತ್ತು. ಆದ್ರೆ ಸಾಹೇಬನ ಹಂಪಿಗೆ ಕಾಲಿಟ್ಟರೆ ನಿನ್ನೆ ರಾತ್ರಿಯೇ ಎಲ್ಲರೂ ಊರು ಬಿಟ್ಟಂತಿದೆ.

ಇದಕ್ಕೆ ಒಂದು ಸಬೂಬು ಸಿದ್ಧವಿದೆ. ಬೆಳಕು ನಿಮಿಷಗಟ್ಟಲೆ ಬೀಳಬೇಕಿತ್ತು, ನಡೆದುಹೋದವರು ಕಾಗದದ ಮೇಲೆ ಉಳಿಯುತ್ತಲೇ ಇರಲಿಲ್ಲ ಅಂತ. ಅರ್ಧ ನಿಜ. ಇದೇ ಕ್ಯಾಲೋಟೈಪ್‌ನಲ್ಲಿ 1840ರ ದಶಕದಲ್ಲೇ ಸ್ಕಾಟ್ಲೆಂಡಿನ ಹಿಲ್ ಮತ್ತು ಆಡಮ್‌ಸನ್ ನ್ಯೂಹೇವನ್ ಅನ್ನೋ ಊರಿನ ಮೀನುಗಾರರನ್ನು, ಬುಟ್ಟಿ ಹೊತ್ತ ಹೆಂಗಸರನ್ನು ನಿಲ್ಲಿಸಿ ಫೋಟೋ ತೆಗೆದಿದ್ದರು. ಅಂದರೆ ‘ಸ್ವಲ್ಪ ಹೊತ್ತು ಅಲ್ಲಾಡಬೇಡಿ’ ಅಂತ ಕೇಳೋಕೆ ಆಗುತ್ತಿತ್ತು. ಆ ಪೆಟ್ಟಿಗೆಯನ್ನು ಬಂಡೆಗಳ ಮೇಲೆ ಹೊತ್ತು ತಂದವರು ಯಾರೋ ಇದ್ದರಲ್ಲ? ಅವರನ್ನಾದರೂ ಕೇಳಬಹುದಿತ್ತು.

ಕಂಪನಿಯ ಸೈನಿಕ ಜಾಗವನ್ನು ನೋಡುವ ರೀತಿಯೇ ಹಾಗಿತ್ತು ಅಂತ ನನ್ನ ಅನುಮಾನ. ಹಂಪಿಯ ಮೊದಲ ನಕ್ಷೆ ಮಾಡಿಸಿದವನೂ ಸೈನಿಕನೇ, 1799ರಲ್ಲಿ ಕಾಲಿನ್ ಮೆಕೆಂಜಿ. ಕೋಟೆ, ದಾರಿ, ಗುಡ್ಡ, ಕಟ್ಟಡ. ಜನ ಆಮೇಲೆ. ಗ್ರೀನ್‌ಲಾ ರಜೆಯಲ್ಲೇ ಇರಲಿ, ಡ್ಯೂಟಿಯಲ್ಲೇ ಇರಲಿ, ಕಣ್ಣು ಯೂನಿಫಾರ್ಮ್ ಬಿಚ್ಚಲಿಲ್ಲ.

ಹಳೇ ಕಥೆ, ಬಿಡಿ ಅನ್ನಬಹುದು. ಆದ್ರೆ ಆ ಖಾಲಿ ಚೌಕಟ್ಟು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಪರಂಪರೆ ಅಂದ್ರೆ ಜನರಿಲ್ಲದ ಕಲ್ಲು. ಬೆಳಿಗ್ಗೆ ಆರಕ್ಕೇ ಎದ್ದು ‘ಕ್ರೌಡ್ ಬರೋದ್ರೊಳಗೆ’ ರಥದ ಮುಂದೆ ನಿಲ್ಲುವವರು ನಾವೇ ತಾನೆ? 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ 300ಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಕಾನೂನಿನ ಕಾರಣಗಳಿದ್ದವು, ಇಲ್ಲ ಅನ್ನಲ್ಲ. ಆದ್ರೆ ಜೆಸಿಬಿ ಹೋದ ಮೇಲಿನ ಬಜಾರನ್ನು 1856ರ ಚಿತ್ರಗಳ ಪಕ್ಕ ಇಟ್ಟು ನೋಡಿ. ಸಾಹೇಬನ ಕಾಗದದಿಂದ ಜನ ಕಾಣೆಯಾದದ್ದು ಕೆಲವು ನಿಮಿಷದ ಬೆಳಕಿನಲ್ಲಿ, ಇಲ್ಲಿ ಆದೇಶದಲ್ಲಿ.

ಇನ್ನೊಂದು ಹೊಟ್ಟೆಕಿಚ್ಚಿನ ಮಾತು, ನಾನು ಹಡಗಲಿ ಕಡೆಯವನು ಅನ್ನೋ ಕಾರಣಕ್ಕೆ. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಹೊಸಪೇಟೆಯ ಜೊತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೇರಿದವು. ಹೆಸರು ಆರೂ ತಾಲ್ಲೂಕಿಗೆ, ಫೋಟೋ ಒಂದಕ್ಕೇ. ನಮ್ಮಲ್ಲಿ ತೋರಿಸೋಕೆ ಏನೂ ಇಲ್ಲ ಅಂತಲ್ಲ. ಹರಪನಹಳ್ಳಿ ಹತ್ತಿರದ ಬಾಗಳಿ, ಕೊಟ್ಟೂರು ಕಡೆಯ ಅಂಬಳಿ, ಹಡಗಲಿಯ ಹಿರೇಹಡಗಲಿ, ಮಾಗಳ, ತುಂಗಭದ್ರೆಯ ದಂಡೆಯ ಕುರುವತ್ತಿ. ವಿಜಯನಗರ ಹುಟ್ಟೋದಕ್ಕೆ ಶತಮಾನಗಳ ಮೊದಲೇ ಕಟ್ಟಿದ ಗುಡಿಗಳಿವು. ಕುರುವತ್ತಿ ಮಲ್ಲಿಕಾರ್ಜುನನ ಬಾಗಿಲ ಮೇಲಿನ ಮದನಿಕೆಯರನ್ನು ನೋಡಿದರೆ ಬೇಲೂರಿನ ಶಿಲಾಬಾಲಿಕೆಯರು ಇವರಿಗಿಂತ ಚಿಕ್ಕವರು ಅನ್ನೋದು ಗೊತ್ತಾಗುತ್ತೆ, ವಯಸ್ಸಿನಲ್ಲಿ. ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ 1896ರಲ್ಲಿ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳ ಮೇಲೆ ಚಿತ್ರ, ನಕ್ಷೆಗಳ ಸಮೇತ ಪುಸ್ತಕವನ್ನೇ ತಂದ. ಲೈಬ್ರರಿಯಲ್ಲಿ ಕೂತಿದೆ. ಈ ಗುಡಿಗಳು ಹಾಳು ಬಿದ್ದ ಪಟ್ಟಣದ ನಡುವೆ ಇಲ್ಲ. ಊರೊಳಗೇ ಇವೆ, ಪಕ್ಕದಲ್ಲೇ ಮನೆ, ಎಮ್ಮೆ, ಒಣಗೋಕೆ ಹಾಕಿದ ಬಟ್ಟೆ. ಖಾಲಿ ಚೌಕಟ್ಟಿಗೆ ಇದು ಒಗ್ಗಲ್ಲ. ಅಂಕಸಮುದ್ರದ ಕೆರೆಗೆ ಬಾಜೂಕಾ ಗಾತ್ರದ ಲೆನ್ಸ್ ಹೊತ್ತು ಹಕ್ಕಿಗಾಗಿ ಬರುವವರು ಹಗರಿಬೊಮ್ಮನಹಳ್ಳಿಯಿಂದಲೇ ವಾಪಸ್ ಗಾಡಿ ತಿರುಗಿಸುತ್ತಾರೆ.

ಗ್ರೀನ್‌ಲಾ ನಮ್ಮ ಮೈಲಾರಕ್ಕೆ ಕಾರ್ಣಿಕದ ದಿನ ಬಂದಿದ್ದರೆ ಏನಾಗುತ್ತಿತ್ತು ಅಂತ ಆಗಾಗ ಯೋಚಿಸ್ತೀನಿ. ಭರತ ಹುಣ್ಣಿಮೆಯ ಜಾತ್ರೆ, ಕಣ್ಣು ಹಾಯಿಸಿದಷ್ಟೂ ಭಂಡಾರದ ಹಳದಿ, ಲಕ್ಷಗಟ್ಟಲೆ ಜನ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅನ್ನುತ್ತಾನೆ. ಅಷ್ಟೂ ಜನ ಒಮ್ಮೆಗೇ ಗಪ್‌ಚುಪ್. ಕ್ಯಾಲೋಟೈಪ್‌ಗೆ ಬೇಕಾದ ಸ್ತಬ್ಧತೆ ಅದು, ಆದ್ರೆ ಇರೋದು ಕೆಲವೇ ಸೆಕೆಂಡು. ಕಾರ್ಣಿಕದ ಒಂದು ಸಾಲು ನುಡಿದು ಗೊರವಯ್ಯ ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಮಳೆ ಬರುತ್ತೋ, ಸರ್ಕಾರ ಬೀಳುತ್ತೋ ಅಂತ ಅರ್ಥ ಹೇಳುವವರ ಗದ್ದಲ. ಸಾಹೇಬನ ಕಾಗದದಲ್ಲಿ ಬಿಲ್ಲು ಮೂಡುತ್ತಿತ್ತು, ಹೊಲವೂ ಮೂಡುತ್ತಿತ್ತು, ನಮ್ಮಜ್ಜಂದಿರು ಮಾತ್ರ ತೆಳ್ಳನೆ ಮಂಜಿನ ಹಾಗೆ.