ಅಭಿಮಾನಿ ಕಥೆಗಳ ಪಂಕ್ತಿಭೇದ

ಓದುಗರೇ ಕಥೆಯ ಒಡೆಯರಾಗುವುದು ಸಾಹಿತ್ಯದ ನಿಜವಾದ ಪ್ರಜಾಪ್ರಭುತ್ವ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಅದಕ್ಕೆ ಕೊಡುವ ಉದಾಹರಣೆ 'ಫ್ಯಾನ್ ಫಿಕ್ಷನ್'. ತಾವು ಮೆಚ್ಚಿದ ಸಿನಿಮಾ, ಧಾರಾವಾಹಿ, ಕಾದಂಬರಿಯ ಪಾತ್ರಗಳನ್ನೇ ಎತ್ತಿಕೊಂಡು ಅಭಿಮಾನಿಗಳು ಕಟ್ಟುವ ಹೊಸ ಕಥೆಗಳಿವು. ಮೂಲ ಲೇಖಕನ ಅಪ್ಪಣೆ ಬೇಕಿಲ್ಲ, ಪ್ರಕಾಶಕನ ಹಂಗಿಲ್ಲ, ವಿಮರ್ಶಕನ ಸರ್ಟಿಫಿಕೇಟು ಬೇಕಿಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಇಂಥ ಕಡೆ ದಲಿತ ವಿಮರ್ಶೆ ಒಂದು ಒರಟು ಪ್ರಶ್ನೆ ಕೇಳಲೇಬೇಕು: ಬಾಗಿಲು ಎಲ್ಲರಿಗೂ ತೆರೆದಿದೆ, ಸರಿ; ಒಳಗೆ ಯಾರಿಗೆ ಯಾವ ಪಂಕ್ತಿ?

ಮೊದಲನೆಯದಾಗಿ, ಇದೆಲ್ಲ ಒಂದೇ ಬಗೆಯ ಸಂಸ್ಕೃತಿ ಎಂದುಕೊಳ್ಳುವುದೇ ತಪ್ಪು. ಅಮೆರಿಕದಲ್ಲಿ 1967ರಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿಯ ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಕಿರುಪತ್ರಿಕೆ ತಂದರು. ನಮ್ಮ ಕಿರುಪತ್ರಿಕೆಗಳ ಹಾಗೇ ಕೈಯಿಂದ ಕೈಗೆ ದಾಟುತ್ತಿದ್ದ ಇಂಥ ಪತ್ರಿಕೆಗಳಲ್ಲಿ ಬರೆದವರು ಹೆಚ್ಚಾಗಿ ಹೆಂಗಸರು. ಗಂಡಸರ ಕೈಯಲ್ಲಿದ್ದ ಟೀವಿ ಕಥೆಯನ್ನು ಅವರು ತಮಗೆ ಬೇಕಾದಂತೆ ತಿರುಗಿಸಿಕೊಂಡರು. ಇದು ಸಣ್ಣ ಮಾತಲ್ಲ. ಆದರೆ ಕಾಪಿರೈಟಿನ ಭಯದಿಂದ ಅಲ್ಲೊಂದು ಅಲಿಖಿತ ನಿಯಮ ಬೆಳೆಯಿತು: ಲಾಭ ಮಾಡಕೂಡದು, ಇದೆಲ್ಲ ಪ್ರೀತಿಯ ಕಾಣಿಕೆ.

ಜಪಾನಿನಲ್ಲಿ ಬೇರೆಯೇ ರೀತಿ. 1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಶುರುವಾದ 'ಕಾಮಿಕ್ ಮಾರ್ಕೆಟ್' ಇವತ್ತು ವರ್ಷಕ್ಕೆ ಎರಡು ಸಲ ಲಕ್ಷಗಟ್ಟಲೆ ಜನ ಸೇರುವ ಜಾತ್ರೆ. ಅಭಿಮಾನಿಗಳು ತಾವೇ ಬರೆದು, ಚಿತ್ರ ಬಿಡಿಸಿ, ಅಚ್ಚು ಹಾಕಿಸಿದ 'ದೋಜಿನ್‌ಶಿ' ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ರಾಜಾರೋಷವಾಗಿ ಮಾರುತ್ತಾರೆ. ದೊಡ್ಡ ಪ್ರಕಾಶಕರು ಕಂಡೂ ಕಾಣದಂತಿರುತ್ತಾರೆ. ನಾಳೆಯ ಚಿತ್ರಕಾರರು ಅಲ್ಲೇ ತಯಾರಾಗುವುದು ಅವರಿಗೆ ಗೊತ್ತು. 2018ರಲ್ಲಿ ಕೆಲವು ಬಗೆಯ ಕಾಪಿರೈಟ್ ಉಲ್ಲಂಘನೆಗೆ ಹಕ್ಕುದಾರರ ದೂರಿಲ್ಲದೆಯೂ ಮೊಕದ್ದಮೆ ಹೂಡಬಹುದೆಂದು ಕಾನೂನು ತಿದ್ದಿದಾಗಲೂ ಇಂಥ ಪುಸ್ತಕಗಳನ್ನು ಅದರಿಂದ ಹೊರಗಿಟ್ಟರು. ಚೀನಾದಲ್ಲಿ 2020ರಲ್ಲಿ ನಟನೊಬ್ಬನ ಅಭಿಮಾನಿಗಳು, ತಮ್ಮ ನಾಯಕನ ಬಗ್ಗೆ ಇನ್ಯಾರೋ ಬರೆದ ಕಥೆಯಿಂದ ಅವಮಾನವಾಯಿತೆಂದು ಸರ್ಕಾರಕ್ಕೇ ದೂರು ಕೊಟ್ಟರು. ಹಿಂದಿನ ವರ್ಷವಷ್ಟೇ ಹ್ಯೂಗೊ ಪ್ರಶಸ್ತಿ ಪಡೆದಿದ್ದ ಅಭಿಮಾನಿ ಕಥೆಗಳ ಕಣಜ 'ಆರ್ಕೈವ್ ಆಫ್ ಅವರ್ ಓನ್' ಫೆಬ್ರವರಿ ಮುಗಿಯುವಷ್ಟರಲ್ಲಿ ಅಲ್ಲಿನ ಓದುಗರಿಗೆ ಮುಚ್ಚಿಹೋಯಿತು.

ನಮ್ಮಲ್ಲಿ? ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರು' ಎಂದು ಕರೆದರು. ನಮ್ಮ ನಟರ ಅಭಿಮಾನಿಗಳು ಸಂಘ ಕಟ್ಟಿದರು, ಕಟೌಟಿಗೆ ಹಾಲೆರೆದರು, ಹೆಸರನ್ನು ಹಚ್ಚೆ ಹಾಕಿಸಿಕೊಂಡರು. ನಾಯಕನ ಕಥೆಯನ್ನೇ ತಿದ್ದಿ ಬರೆಯುವ ಸಲುಗೆ ಮಾತ್ರ ಅಷ್ಟಾಗಿ ಬೆಳೆಯಲಿಲ್ಲ. ಹೀಗೆ ಒಂದೊಂದು ನಾಡಿನಲ್ಲಿ ಅಭಿಮಾನಕ್ಕೆ ಒಂದೊಂದು ಬೇಲಿ: ಅಮೆರಿಕದಲ್ಲಿ ಕೋರ್ಟು, ಜಪಾನಿನಲ್ಲಿ ಸಂತೆ, ಚೀನಾದಲ್ಲಿ ಸರ್ಕಾರ, ನಮ್ಮಲ್ಲಿ ಭಕ್ತಿ.

ಬೇಲಿಯ ಮಾತಾಯಿತು. ಬೇಲಿಯೊಳಗಿನ ಪಂಕ್ತಿಯನ್ನು ನೋಡೋಣ. 2015ರಲ್ಲಿ ಬಂದ 'ಸ್ಟಾರ್ ವಾರ್ಸ್: ದ ಫೋರ್ಸ್ ಅವೇಕನ್ಸ್' ಸಿನಿಮಾದಲ್ಲಿ ಫಿನ್ ಎಂಬ ಪಾತ್ರವಿದೆ. ಅದನ್ನು ಮಾಡಿದ್ದು ಕಪ್ಪು ನಟ ಜಾನ್ ಬೊಯೇಗಾ. ಮಗುವಾಗಿದ್ದಾಗಲೇ ಹೆತ್ತವರಿಂದ ಕಿತ್ತು ತಂದು ಸೈನಿಕನಾಗಿ ಬೆಳೆಸಿದ ಅವನಿಗೆ ಹೆಸರೇ ಇಲ್ಲ, ಎಫ್‌ಎನ್-2187 ಎಂಬ ನಂಬರು ಮಾತ್ರ. ಹಳ್ಳಿಯ ಜನರ ಮೇಲೆ ಗುಂಡು ಹಾರಿಸು ಎಂದಾಗ ಹಾರಿಸುವುದಿಲ್ಲ, ತಪ್ಪಿಸಿಕೊಂಡು ಓಡುತ್ತಾನೆ. ಹೆಸರು ಸಿಗುವುದು ಆಮೇಲೆ. ಮಕ್ಕಳಿಗೆ ಒಳ್ಳೆಯ ಹೆಸರಿಟ್ಟರೆ ಊರವರು ಕೆರಳುತ್ತಿದ್ದ ಕೇರಿಗಳಿಂದ ಬಂದ ನಮಗೆ ಈ ಪಾತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಥೆ ಹೆಣೆಯುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಫಿನ್ ಬಗ್ಗೆ ಬರೆದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಆ ಹಳ್ಳಿಯವರನ್ನು ಕೊಲ್ಲಲು ಆಜ್ಞೆ ಕೊಟ್ಟ ಕೈಲೋ ರೆನ್ ಮತ್ತು ಗ್ರಹಗಳನ್ನೇ ಸುಟ್ಟ ಜನರಲ್ ಹಕ್ಸ್ ಎಂಬ ಇಬ್ಬರು ಬಿಳಿಯರ ಪ್ರೇಮದ ಮೇಲೆ ಕಥೆಗಳು ರಾಶಿ ಬಿದ್ದವು. ಸಿನಿಮಾದಲ್ಲಿ ಹಕ್ಸ್‌ಗೆ ಇರುವುದೇ ನಾಲ್ಕಾರು ದೃಶ್ಯ. ಅವನ ಬಾಲ್ಯ, ಸಂಕಟ, ಒಂಟಿತನ ಎಲ್ಲವನ್ನೂ ಅಭಿಮಾನಿಗಳೇ ಅಕ್ಕರೆಯಿಂದ ಹೊಸೆದುಕೊಟ್ಟರು. ಕಣ್ಣೆದುರಿಗಿದ್ದ ನೋವು ಕಾಣಲಿಲ್ಲ. ಇಲ್ಲದ ನೋವನ್ನು ಹುಟ್ಟಿಸಿಕೊಂಡರು. ಕೇಳಿದರೆ, 'ನಮ್ಮ ಇಷ್ಟ ಕಣ್ರೀ, ಇದು ನಮ್ಮ ಖುಷಿಗೆ' ಅಂತಾರೆ. ಈ ಇಷ್ಟ ಎಲ್ಲಿಂದ ಬಂತು? 'ಅವರ ಮನೇಲಿ ಯಾಕೋ ಊಟ ಸೇರಲ್ಲ' ಎನ್ನುವವರೂ ಇಷ್ಟದ ಮಾತನ್ನೇ ಆಡುತ್ತಾರೆ.

ಭಾರತದ ವಿದ್ವಾಂಸೆ ರುಕ್ಮಿಣಿ ಪಾಂಡೆ ತಮ್ಮ 'ಸ್ಕ್ವೀ ಫ್ರಮ್ ದ ಮಾರ್ಜಿನ್ಸ್' (2018) ಪುಸ್ತಕದಲ್ಲಿ ಈ ರೋಗವನ್ನು ಹಿಡಿದು ತೋರಿಸಿದ್ದಾರೆ. ಬಣ್ಣದ ಮಾತೆತ್ತಿದ ಅಭಿಮಾನಿಗೆ ಎಲ್ಲರ ಖುಷಿ ಕೆಡಿಸುವವಳೆಂಬ ಪಟ್ಟ. ನಮ್ಮ ಗೋಷ್ಠಿಗಳಲ್ಲಿ ಜಾತಿಯ ಮಾತೆತ್ತಿದವರಿಗೂ ಇದೇ ಬಿರುದು ತಾನೆ?

ಹಾಗಾದರೆ ಕೆಳಗಿನವರೇ ಕಥೆಯನ್ನು ತಿರುಗಿ ಬರೆದರೆ ಏನಾಗುತ್ತದೆ? 1936ರ 'ಗಾನ್ ವಿತ್ ದ ವಿಂಡ್' ಗುಲಾಮರ ಒಡೆಯರ ವೈಭವ ಅಳಿದುದಕ್ಕೆ ಕಣ್ಣೀರಿಟ್ಟ ಕಾದಂಬರಿ. ಅದರ ವಾರಸುದಾರರು 1991ರಲ್ಲಿ 'ಸ್ಕಾರ್ಲೆಟ್' ಎಂಬ ಮುಂದುವರಿಕೆಗೆ ತಾವೇ ಒಪ್ಪಿಗೆ ಕೊಟ್ಟರು. 2001ರಲ್ಲಿ ಕಪ್ಪು ಲೇಖಕಿ ಆಲಿಸ್ ರ‍್ಯಾಂಡಲ್ 'ದ ವಿಂಡ್ ಡನ್ ಗಾನ್' ಬರೆದರು. ಇಲ್ಲಿ ಕಥೆ ಹೇಳುವವಳು ಸಿನಾರಾ, ದಾಸಿಗೆ ಒಡೆಯನಿಂದ ಹುಟ್ಟಿದವಳು, ನಾಯಕಿಗೇ ತಂಗಿ. ವಾರಸುದಾರರು ಕೋರ್ಟಿಗೆ ಹೋದರು. ಅಟ್ಲಾಂಟದ ನ್ಯಾಯಾಧೀಶರು ಕೃತಿಚೌರ್ಯವೆಂದು ಪ್ರಕಟಣೆಗೆ ತಡೆ ಕೊಟ್ಟರು. ಅದೇ ವರ್ಷ ಮೇಲಿನ ಕೋರ್ಟು ತಡೆ ತೆಗೆಯಿತು; 2002ರಲ್ಲಿ ರಾಜಿಯಾಯಿತು. ಯಜಮಾನಿಯ ಕಥೆ ಬೆಳೆಸಿದರೆ ಉತ್ತರಭಾಗ. ದಾಸಿಯ ಮಗಳು ಬಾಯಿಬಿಟ್ಟರೆ ಕಳ್ಳತನ.

ಕನ್ನಡಕ್ಕೂ ಈ ಜಗಳ ಹೊಸದಲ್ಲ. 1944ರ 'ಶೂದ್ರ ತಪಸ್ವಿ'ಯಲ್ಲಿ ಕುವೆಂಪು ಶಂಬೂಕನ ತಲೆ ಉಳಿಸಿದರು. ಪುರಾಣದ ಕಥೆಯನ್ನು ಹೀಗೆ ಬದಲಿಸಬಹುದೇ ಎಂದು ಮಾಸ್ತಿ ಆಕ್ಷೇಪವೆತ್ತಿದರು. ಬದಲಿಸಿದ್ದು ಸರಿ ಎಂದೇ ನನ್ನ ನಿಲುವು. ಆದರೆ ಅಲ್ಲೂ ಬಾಣ ರಾಮನದು, ಬುದ್ಧಿ ಬರುವುದು ಬ್ರಾಹ್ಮಣನಿಗೆ. ಶಂಬೂಕ ತಪಸ್ಸಿನಲ್ಲಿ ಮುಳುಗಿದ್ದಾನೆ. ಅವನ ಮಾತು ಕೇಳುವ ಕೆಲಸ ಮುಂದಿನವರಿಗೆ ಉಳಿಯಿತು.

ಈಗ ನಮ್ಮ ಹುಡುಗ ಹುಡುಗಿಯರೂ ಫೋನಿನಲ್ಲೇ ಇಂಥ ಕಥೆ ಬರೆಯುವ ಕಾಲ. ಬರೆಯಲಿ, ಅಪ್ಪಣೆ ಕೇಳದೆ ಬರೆಯಲಿ. ವಿಮರ್ಶೆ ಮಾಡುವ ನಾವು 'ಎಲ್ಲರ ಸಾಹಿತ್ಯ' ಎಂದು ಚಪ್ಪಾಳೆ ತಟ್ಟಿ ಸುಮ್ಮನಾಗಬಾರದು. ಯಾವ ಪಾತ್ರಕ್ಕೆ ಬಾಲ್ಯ ಕೊಟ್ಟಿದ್ದಾರೆ, ಯಾರಿಗೆ ಪ್ರೇಮ ಕೊಟ್ಟಿದ್ದಾರೆ, ಯಾರನ್ನು ಬರೀ ಬಾಗಿಲು ತೆಗೆಯೋಕೆ ಕರೆದಿದ್ದಾರೆ ಎಂದು ಲೆಕ್ಕ ಕೇಳಬೇಕು. ನಾಯಕನ ಮನೆ ಊರಿನಲ್ಲಿದೆಯೋ ಕೇರಿಯಲ್ಲಿದೆಯೋ ಎಂದೂ ಕೇಳಬೇಕು.