ಕೃತಿ, ಕರ್ತೃ ಮತ್ತು ಕೇಳುಗ: ರಾಡ್ರಿಗೆಸ್ ಅವರ ಗೀತೆಗಳ ಎರಡನೆಯ ಬದುಕು

ಗೀತೆಯೊಂದು ತಾನು ಹುಟ್ಟಿದ ನೆಲದಲ್ಲಿ ಮನ್ನಣೆ ಪಡೆಯದೆ, ಕರ್ತೃ ಊಹಿಸಿಯೂ ಇರದ ದೂರದ ಸಮಾಜವೊಂದರಲ್ಲಿ ಬೇರೂರಿದಾಗ ವಿಮರ್ಶೆಯ ಮುಂದೆ ನಿಲ್ಲುವ ಪ್ರಶ್ನೆಗಳು ಸರಳವಾದವುಗಳಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಗೀತರಚನಕಾರ ಹಾಗೂ ಗಾಯಕ ಸಿಕ್ಸ್ಟೊ ರಾಡ್ರಿಗೆಸ್ (1942-2023) ಅವರ ಎರಡು ಧ್ವನಿಮುದ್ರಿಕೆಗಳ ಇತಿಹಾಸ ಇಂತಹ ಪ್ರಶ್ನೆಗಳನ್ನು ತೀವ್ರವಾಗಿ ಎತ್ತುತ್ತದೆ. ಮಲಿಕ್ ಬೆಂಜೆಲೂಲ್ ನಿರ್ದೇಶಿಸಿದ 'ಸರ್ಚಿಂಗ್ ಫಾರ್ ಶುಗರ್ ಮ್ಯಾನ್' (2012) ಎಂಬ ಸಾಕ್ಷ್ಯಚಿತ್ರ ಈ ಇತಿಹಾಸವನ್ನು ಜಗತ್ತಿಗೆ ಪರಿಚಯಿಸಿತು. 2013ರಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಚಿತ್ರ ಹೇಳಿದ ಕಥೆಗೂ ಗೀತೆಗಳು ನಿಜವಾಗಿ ನಡೆದ ದಾರಿಗೂ ಇರುವ ಅಂತರವನ್ನು ಗುರುತಿಸದೆ ಈ ಗೀತೆಗಳ ಮೌಲ್ಯಮಾಪನ ಸಾಧ್ಯವಾಗದು.

ರಾಡ್ರಿಗೆಸ್ ಮೆಕ್ಸಿಕನ್ ಮೂಲದ ಕಾರ್ಮಿಕ ಕುಟುಂಬದ ಆರನೆಯ ಮಗು. 'ಸಿಕ್ಸ್ಟೊ' ಎಂಬ ಹೆಸರಿನ ಹಿನ್ನೆಲೆ ಇದೇ. 1967ರ ಬೇಸಿಗೆಯಲ್ಲಿ ಡೆಟ್ರಾಯಿಟಿನಲ್ಲಿ ನಡೆದ ಗಲಭೆಗಳಲ್ಲಿ 43 ಜನ ಸತ್ತರು. ಆ ನಗರದ ಬೀದಿ, ಮದ್ಯದಂಗಡಿ, ಮಾದಕವಸ್ತುಗಳ ಗುಪ್ತ ವ್ಯಾಪಾರ, ಭ್ರಷ್ಟ ಆಡಳಿತಗಳೇ 1970ರ ಮಾರ್ಚಿನಲ್ಲಿ ಹೊರಬಂದ 'ಕೋಲ್ಡ್ ಫ್ಯಾಕ್ಟ್' ಧ್ವನಿಮುದ್ರಿಕೆಯ ವಸ್ತು. ಡೆನಿಸ್ ಕಾಫಿ ಮತ್ತು ಮೈಕ್ ಥಿಯೊಡೋರ್ ಅದರ ನಿರ್ಮಾಪಕರು. ಗಾಯಕನ ಗಿಟಾರು ಮತ್ತು ಕಂಠವನ್ನು ಕೇಂದ್ರದಲ್ಲಿಟ್ಟು ತಂತಿವಾದ್ಯ, ಹಿತ್ತಾಳೆಯ ವಾದ್ಯ, ವಿದ್ಯುನ್ಮಾನ ಧ್ವನಿಗಳನ್ನು ಅದರ ಸುತ್ತ ಹೆಣೆದ ಕ್ರಮ ಗಮನಾರ್ಹವಾದುದು. ವಾದ್ಯಗಳು ಎಷ್ಟೇ ಮೆರುಗು ತಂದರೂ ಕಂಠ ಮಾತ್ರ ವರದಿಗಾರನ ನಿರ್ಲಿಪ್ತತೆಯನ್ನು ಬಿಡುವುದಿಲ್ಲ. 'ಎಸ್ಟಾಬ್ಲಿಷ್‌ಮೆಂಟ್ ಬ್ಲೂಸ್' ಎಂಬ ಗೀತೆಯಲ್ಲಿ ನಗರದ ರೋಗಗಳನ್ನು ಒಂದರ ಮೇಲೊಂದರಂತೆ ಪಟ್ಟಿ ಮಾಡುತ್ತ ಹೋಗುವಾಗಲೂ ಗಾಯಕ ದನಿ ಏರಿಸುವುದಿಲ್ಲ. ಆಕ್ರೋಶವನ್ನು ತಣ್ಣಗೆ ನುಡಿಯುವ ಈ ಗುಣವೇ ಅವರ ವೈಶಿಷ್ಟ್ಯ. ಲಂಡನ್ನಿನಲ್ಲಿ ಮುದ್ರಿತವಾಗಿ 1971ರಲ್ಲಿ ಹೊರಬಂದ 'ಕಮಿಂಗ್ ಫ್ರಮ್ ರಿಯಾಲಿಟಿ' ಇನ್ನಷ್ಟು ಮೃದುವಾದುದು. ಒಟ್ಟಂದದಲ್ಲಿ ಮೊದಲನೆಯದಕ್ಕೆ ಸಮನಲ್ಲ. ಎರಡೂ ಅಮೆರಿಕದಲ್ಲಿ ಮಾರಾಟವಾಗಲಿಲ್ಲ. ಅವರ ಒಪ್ಪಂದ ಮುಗಿಯಿತು, 1975ರಲ್ಲಿ ಸಸೆಕ್ಸ್ ಕಂಪನಿಯೇ ಮುಚ್ಚಿತು, ರಾಡ್ರಿಗೆಸ್ ಕಟ್ಟಡ ಕೆಡಹುವ ಮತ್ತು ದುರಸ್ತಿ ಮಾಡುವ ಕೂಲಿಗೆ ಮರಳಿದರು.

ದಕ್ಷಿಣ ಆಫ್ರಿಕದಲ್ಲಿ 'ಕೋಲ್ಡ್ ಫ್ಯಾಕ್ಟ್' 1971ರಲ್ಲಿ ಬಿಡುಗಡೆಯಾಯಿತು. ವರ್ಣಭೇದ ಆಡಳಿತದ ಆ ದಿನಗಳಲ್ಲಿ ಬಿಳಿಯ ಯುವಕರಿಗೆ ಸೇನಾಸೇವೆ ಕಡ್ಡಾಯವಾಗಿತ್ತು. ದೂರದರ್ಶನ ಆ ದೇಶಕ್ಕೆ ಬಂದದ್ದು 1976ರಲ್ಲಿ. ಸರ್ಕಾರಿ ಬಾನುಲಿಯ ಸಂಗ್ರಹದಲ್ಲಿದ್ದ ಪ್ರತಿಯಲ್ಲಿ 'ಶುಗರ್ ಮ್ಯಾನ್' ಗೀತೆಯ ಭಾಗವನ್ನು ಯಾರೂ ನುಡಿಸದಂತೆ ಚೂಪಾದ ಸಾಧನದಿಂದ ಗೀಚಿ ಕೆಡಿಸಲಾಗಿತ್ತು. ಹೀಗಿದ್ದೂ ಧ್ವನಿಮುದ್ರಿಕೆ ಕೈಯಿಂದ ಕೈಗೆ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹರಡಿತು. 'ವ್ಯವಸ್ಥಾವಿರೋಧಿ' ಎಂಬ ಪದವೇ ತಮಗೆ ದೊರೆತದ್ದು ಇಲ್ಲಿಂದ ಎಂದು ಆ ಪೀಳಿಗೆಯ ಕೇಳುಗರು ಸಾಕ್ಷ್ಯಚಿತ್ರದಲ್ಲಿ ಹೇಳುತ್ತಾರೆ.

ಇಲ್ಲಿ ಭಾರತೀಯ ಕಾವ್ಯಮೀಮಾಂಸೆಯ ಸಹೃದಯ ಪರಿಕಲ್ಪನೆಯನ್ನು ನೆನೆಯುವುದು ಉಪಯುಕ್ತ. ಕವಿಯ ಸಂಸ್ಕಾರಕ್ಕೆ ಸಮಾನವಾದ ಸಂಸ್ಕಾರವುಳ್ಳವನು ಸಹೃದಯ. ಆದರೆ ಪ್ರಿಟೋರಿಯದ ಬ್ಯಾರಕ್ಕಿನಲ್ಲಿ ಕೂತ ಮಧ್ಯಮವರ್ಗದ ಬಿಳಿಯ ಸೈನಿಕನಿಗೂ ಡೆಟ್ರಾಯಿಟಿನ ಮೆಕ್ಸಿಕನ್-ಅಮೆರಿಕನ್ ಕೂಲಿಯವನಿಗೂ ಯಾವ ಸಮಾನ ಸಂಸ್ಕಾರವಿತ್ತು? ಬಡವನ ಕಣ್ಣಿನಿಂದ ಕಂಡ ನಗರದ ಚಿತ್ರವನ್ನು, ಅಧಿಕಾರ ತನಗೇ ಸವಲತ್ತು ನೀಡಿದ್ದ ಸಮಾಜದ ಮಗ ತನ್ನ ಉಸಿರುಗಟ್ಟುವಿಕೆಯ ಅಭಿವ್ಯಕ್ತಿಯಾಗಿ ಗ್ರಹಿಸಿದ. ಇದನ್ನು ತಪ್ಪು ಗ್ರಹಿಕೆ ಎಂದು ತಳ್ಳಿಹಾಕುವಂತಿಲ್ಲ. ಗೀತೆಯ ಧ್ವನ್ಯರ್ಥ ಅಷ್ಟು ದೂರ ಹೋಗಬಲ್ಲದು. ಆದರೆ ವಾಚ್ಯಾರ್ಥದಲ್ಲಿದ್ದ ಹಸಿವು, ನಿರುದ್ಯೋಗ, ಬೀದಿಯ ಬದುಕು ಈ ಪಯಣದಲ್ಲಿ ಹಿಂದೆ ಸರಿದು, ಸೆನ್ಸಾರನ್ನು ಮೀರುವ ರೋಮಾಂಚನ ಮುಂದೆ ಬಂದಿತು ಎಂಬುದನ್ನೂ ಮರೆಯಲಾಗದು. ಆ ದೇಶದ ಬಹುಸಂಖ್ಯಾತ ಕರಿಯ ಜನರಲ್ಲಿ ಈ ಗೀತೆಗಳು ಅದೇ ಬಗೆಯಲ್ಲಿ ಹರಡಲಿಲ್ಲ. ಅವರ ಹೋರಾಟಕ್ಕೆ ಅವರದೇ ಹಾಡುಗಳಿದ್ದವು. 'ದಕ್ಷಿಣ ಆಫ್ರಿಕದ ಧ್ವನಿ' ಎಂಬಂತೆ ರಾಡ್ರಿಗೆಸ್ ಅವರನ್ನು ಕಾಣಿಸುವ ಸಾಕ್ಷ್ಯಚಿತ್ರ ಈ ಅಂಶದ ಮೇಲೆ ಬೇಗನೆ ಹಾದುಹೋಗುತ್ತದೆ.

ಚಿತ್ರದ ಇನ್ನೊಂದು ಮೌನ ಇದಕ್ಕಿಂತ ಗಂಭೀರವಾದುದು. ಕರ್ತೃ ಸಂಪೂರ್ಣ ಅಜ್ಞಾತನಾಗಿದ್ದ, 1998ರಲ್ಲಿ ಏಕಾಏಕಿ ಬೆಳಕಿಗೆ ಬಂದ ಎಂಬುದು ಅದರ ಕಥನದ ಬೆನ್ನೆಲುಬು. ವಾಸ್ತವದಲ್ಲಿ ಆಸ್ಟ್ರೇಲಿಯದಲ್ಲಿ ಎಪ್ಪತ್ತರ ದಶಕದಲ್ಲಿಯೇ ಅವರಿಗೆ ಕೇಳುಗರಿದ್ದರು. 1979ರಲ್ಲಿ ಅವರು ಅಲ್ಲಿ ಪ್ರವಾಸ ಮಾಡಿ ಹಾಡಿದರು. 1981ರಲ್ಲಿ 'ಮಿಡ್‌ನೈಟ್ ಆಯಿಲ್' ತಂಡದೊಡನೆ ಮತ್ತೊಮ್ಮೆ ಹಾಡಿದರು. ಅಲ್ಲಿನ ಕಛೇರಿಗಳ ಧ್ವನಿಮುದ್ರಿಕೆಗೆ 'ಅಲೈವ್' ಎಂಬ ಹೆಸರಿಡಲಾಯಿತು. ಅವರು ಸತ್ತಿದ್ದಾರೆಂಬ ವದಂತಿಗೆ ಅದು ಉತ್ತರವೂ ಆಗಿತ್ತು. ವೇದಿಕೆಯ ಮೇಲೆಯೇ ಆತ್ಮಹತ್ಯೆ ಮಾಡಿಕೊಂಡರೆಂದು ದಕ್ಷಿಣ ಆಫ್ರಿಕದ ಅಭಿಮಾನಿಗಳು ನಂಬಿದ್ದ ಕಾಲದಲ್ಲಿಯೇ ಇನ್ನೊಂದು ಖಂಡದಲ್ಲಿ ಅವರು ಜೀವಂತವಾಗಿ ಹಾಡುತ್ತಿದ್ದರು! ಒಂದು ದೇಶದ ತಿಳಿವಳಿಕೆ ಇನ್ನೊಂದಕ್ಕೆ ತಲುಪದಂತೆ ಮಾಡಿದ ಬಹಿಷ್ಕಾರ, ಸೆನ್ಸಾರುಗಳ ಗೋಡೆಯನ್ನು ಈ ಒಂದು ಸಂಗತಿಯೇ ಎಷ್ಟು ಸ್ಪಷ್ಟವಾಗಿ ತೋರಿಸಬಲ್ಲುದಾಗಿತ್ತು. ಪವಾಡದ ಕಥೆಗಾಗಿ ನಿರ್ದೇಶಕರು ಇತಿಹಾಸದ ಈ ಬಲವಾದ ಪುರಾವೆಯನ್ನೇ ಕೈಬಿಟ್ಟರು.

ಹುಡುಕಾಟದ ಭಾಗ ಮಾತ್ರ ಪ್ರಾಮಾಣಿಕವಾಗಿದೆ. ಕೇಪ್‌ಟೌನಿನ ಸ್ಟೀಫನ್ ಸೆಗರ್ಮನ್ ಮತ್ತು ಪತ್ರಕರ್ತ ಕ್ರೇಗ್ ಬಾರ್ಥಲೊಮ್ಯು ನಡೆಸಿದ ಶೋಧಕ್ಕೆ ಗೀತೆಯೊಂದರಲ್ಲಿ ಬರುವ ಡಿಯರ್‌ಬಾರ್ನ್ ಎಂಬ ಊರಿನ ಹೆಸರು ದಾರಿ ತೋರಿಸಿತು. ಪಠ್ಯದೊಳಗಿನ ಸ್ಥಳನಾಮದಿಂದ ಕರ್ತೃವಿನ ದೇಶವನ್ನು ನಿರ್ಣಯಿಸುವುದು ಸಂಶೋಧಕರಿಗೆ ಹೊಸದಲ್ಲ. ಕರ್ತೃ ಜೀವಂತವಾಗಿ ದೊರೆಯುವುದು ಮಾತ್ರ ಅಪರೂಪ. 1998ರ ಮಾರ್ಚಿನಲ್ಲಿ ರಾಡ್ರಿಗೆಸ್ ದಕ್ಷಿಣ ಆಫ್ರಿಕಕ್ಕೆ ಬಂದು, ಪ್ರತಿ ಗೀತೆಯೂ ಬಾಯಿಪಾಠವಿದ್ದ ಸಭೆಗಳ ಮುಂದೆ ಹಾಡಿದರು.

ಹಣದ ಪ್ರಶ್ನೆ ಉಳಿಯುತ್ತದೆ. 'ಕೋಲ್ಡ್ ಫ್ಯಾಕ್ಟ್'ನ ಮೇಲೆ ರಚನಕಾರನ ಹೆಸರು 'ಜೀಸಸ್ ರಾಡ್ರಿಗೆಸ್', 'ಸಿಕ್ಸ್ತ್ ಪ್ರಿನ್ಸ್' ಎಂದೆಲ್ಲ ಅಚ್ಚಾಗಿತ್ತು. ಅಭಿಮಾನಿಗಳ ಕಣ್ಣಿಗೆ ಕರ್ತೃವನ್ನು ಮರೆಮಾಡಿದ್ದೂ ಇವೇ ಹೆಸರುಗಳು. ಹಿಂದಿನ ಒಪ್ಪಂದವನ್ನು ತಪ್ಪಿಸಲು ಹೀಗೆ ಮಾಡಲಾಯಿತೆಂದು ಪ್ರಕಾಶನ ಸಂಸ್ಥೆಯೊಂದು 2014ರಲ್ಲಿ ಮೊಕದ್ದಮೆ ಹೂಡಿತು. ದಶಕಗಳ ಕಾಲ ಒಂದು ದೇಶದಲ್ಲಿ ಮಾರಾಟವಾದ ಗೀತೆಗಳ ಗೌರವಧನ ಅವುಗಳನ್ನು ರಚಿಸಿದವನ ಕೈ ಸೇರಲಿಲ್ಲ ಎಂಬುದು, ಕೇಳುಗರ ಪ್ರೀತಿಯ ಕಥೆಯಷ್ಟೇ ಈ ಗೀತೆಗಳ ಇತಿಹಾಸದ ಭಾಗ.

2008 ಮತ್ತು 2009ರಲ್ಲಿ ಎರಡೂ ಧ್ವನಿಮುದ್ರಿಕೆಗಳು ಅಮೆರಿಕದಲ್ಲಿ ಮರುಬಿಡುಗಡೆಗೊಂಡವು. ಸಾಕ್ಷ್ಯಚಿತ್ರದ ನಂತರ ದೊಡ್ಡ ಸಭಾಂಗಣಗಳು ತುಂಬಿದವು. 2023ರ ಆಗಸ್ಟ್ 8ರಂದು ರಾಡ್ರಿಗೆಸ್ ನಿಧನರಾದಾಗ ಅವರಿಗೆ 81 ವರ್ಷ. ಮೂರನೆಯ ಸ್ಟುಡಿಯೊ ಧ್ವನಿಮುದ್ರಿಕೆ ಪೂರ್ಣಗೊಳ್ಳಲಿಲ್ಲ. ಹೊಸ ಕೇಳುಗರಿಗೆಲ್ಲ ದೊರೆತದ್ದು ಮೂವತ್ತು ತುಂಬದ ಯುವಕನೊಬ್ಬನ ಕಂಠ ಮಾತ್ರ. ಅನಂತರದ ನಾಲ್ಕು ದಶಕಗಳ ಕೂಲಿಯ ಬದುಕಿನಿಂದ ಹುಟ್ಟಬಹುದಾಗಿದ್ದ ಗೀತೆಗಳು ಯಾವ ದೇಶದ ಕೇಳುಗರಿಗೂ ಸಿಗಲಿಲ್ಲ.